ನಮ್ಮ ಮನೆಯ ಸೂರ್ಯಮೀನು

ನಮ್ಮ ತಾಯಿಯವರು ಮಲೆನಾಡಿನಿಂದ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಬಂದು, ನಮ್ಮೊಡನೆ ಆರು ತಿಂಗಳಿದ್ದು ಹಿಂದಿರುಗಿದರು. ಆ ಆರು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗಳು ಅನೇಕ. ಇಲ್ಲಿಯ ಜನ ಬೀದಿಯಲ್ಲಿ ನಡೆಯುವುದೇ ಇಲ್ಲವೇಕೆ? ಇಷ್ಟು ಬಿಸಿಲಿದ್ದರೂ ಬಟ್ಟೆಯನ್ನು ಯಂತ್ರದೊಳಗಿಟ್ಟು ಒಣಗಿಸುವುದೇಕೆ? ಬೇಸಗೆಯಲ್ಲಿ ರಾತ್ರಿ ಒಂಬತ್ತಾದರೂ ಹೊತ್ತು ಮುಳುಗದಿದ್ದರೆ ದೇವರಿಗೆ ಸಂಜೆಯ ದೀಪ ಹಚ್ಚುವುದು ಯಾವಾಗ? ಇವಕ್ಕೆಲ್ಲ ತೋಚಿದ ಉತ್ತರ ಕೊಟ್ಟೆ. ತೋಚದ ಕಡೆ ನಕ್ಕು ತಪ್ಪಿಸಿಕೊಂಡೆ. ಒಂದು ಪ್ರಶ್ನೆಯಿಂದ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ.

"ಇದನ್ನು ಯಾವಾಗ ಬಿಡ್ತೀಯೋ?"

'ಇದು' ಎಂದರೆ ನಮ್ಮ ನಡುಕೋಣೆಯ ಗಾಜಿನ ತೊಟ್ಟಿಯಲ್ಲಿ ವಾಸವಾಗಿರುವ ಒಂದು ಮೀನು. ಒಂದೇ ಒಂದು. ನಾಲ್ಕು ಅಡಿ ಉದ್ದದ, ೫೫ ಗ್ಯಾಲನ್, ಅಂದರೆ ಸುಮಾರು ೨೦೮ ಲೀಟರ್ ನೀರು ಹಿಡಿಯುವ ತೊಟ್ಟಿಯಲ್ಲಿ ಅಂಗೈಯಗಲದ ಆ ಪ್ರಾಣಿ ತಾನೊಬ್ಬನೇ ಒಡೆಯನೆಂಬಂತೆ ಓಡಾಡಿಕೊಂಡಿದೆ. ತಾಯಿಯವರ ಪ್ರಶ್ನೆಗೆ ಆಗ ನಾನು ಹೇಳಿದ ಉತ್ತರ ಸರಿಯಾದದ್ದೇ. ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಅವರೇ ಹೇಳಿದರು. ಎರಡನ್ನೂ ಸೇರಿಸಿ ಬರೆದಿಡಬೇಕೆಂಬ ಆಸೆಯಿಂದ ಈ ಲೇಖನ.

ಇಂಗ್ಲಿಷಿನಲ್ಲಿ ಈ ಮೀನಿನ ಕುಲಕ್ಕೆ 'ಸನ್‌ಫಿಷ್' ಎಂದು ಹೆಸರು. ನಾವು ಸೂರ್ಯಮೀನು ಎನ್ನೋಣ. ಇದೇ ಹೆಸರಿನ ಇನ್ನೊಂದು ಮೀನು ಸಮುದ್ರದಲ್ಲುಂಟು. ಒಂದು ಟನ್ನಿಗೂ ಮೀರಿ ತೂಗಬಲ್ಲ ಆ ದೈತ್ಯನಿಗೂ ನಮ್ಮ ಮನೆಯ ಮೀನಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ನಮ್ಮದು ಕೆರೆ ಹೊಳೆಗಳ ಸಿಹಿನೀರಿನದು. ಇದರ ವಂಶದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲವೂ ಉತ್ತರ ಅಮೆರಿಕ ಖಂಡದವೇ. ಬೇರೆ ಎಲ್ಲಿ ಕಂಡರೂ ಅದು ಮನುಷ್ಯ ಒಯ್ದದ್ದೆಂದು ತಿಳಿಯತಕ್ಕದ್ದು. ನೀಲಿ ಕಿವಿರಿನ ಬ್ಲೂಗಿಲ್, ಹಸಿರು ಸೂರ್ಯಮೀನು, ಉದ್ದಗಿವಿಯ ಸೂರ್ಯಮೀನು ಇವೆಲ್ಲ ಒಡಹುಟ್ಟಿದವು. ಬೇಟೆಗಾರರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ದೊಡ್ಡಬಾಯಿಯ ಬಾಸ್ ಮೀನು ದಾಯಾದಿ. ನಮ್ಮ ಮನೆಯದಕ್ಕೆ 'ಪಂಪ್ಕಿನ್‌ಸೀಡ್' ಎನ್ನುತ್ತಾರೆ. ಕುಂಬಳದ ಬೀಜ ಎಂದರ್ಥ. ಲಿನ್ನೇಯಸ್ ಪಂಡಿತನು ೧೭೫೮ರಲ್ಲಿಯೇ ಇದನ್ನು ತನ್ನ ಪಟ್ಟಿಗೆ ಸೇರಿಸಿದ್ದಾನೆ. ಅವನಿತ್ತ 'ಗಿಬ್ಬೋಸಸ್' ಎಂಬ ಲ್ಯಾಟಿನ್ ಹೆಸರಿನಲ್ಲಿ ಬೆನ್ನು ಉಬ್ಬಿದ್ದು ಎಂಬ ಅರ್ಥವಿದೆ. ಅದಕ್ಕಿಂತ ಕುಂಬಳದ ಬೀಜ ಎಂಬುದೇ ಒಪ್ಪುತ್ತದೆ. ನಮ್ಮ ತಾಯಿಯವರಿಗೆ ಆ ಹೆಸರಿನ ಅರ್ಥ ಹೇಳಿದಾಗ, "ಹೆಸರಿಟ್ಟವರು ಅಡಿಗೆಮನೆ ಬಲ್ಲವರೇ ಇರಬೇಕು" ಎಂದು ಮೆಚ್ಚಿಕೊಂಡರು.

ಬಣ್ಣವನ್ನು ಹೇಳುವುದು ಕಷ್ಟ. ಬೆನ್ನು ಪಾಚಿಯ ಹಸಿರು. ಹೊಟ್ಟೆ ಚೆನ್ನಾಗಿ ಕಳಿತ ಕಿತ್ತಳೆ. ನಡುವೆ ಮೈಯೆಲ್ಲ ಹಳದಿಯ, ಕಂದಿನ, ನೀಲಿಯ ಚುಕ್ಕೆಗಳು. ಕೆನ್ನೆಯ ಮೇಲೆ ಯಾರೋ ಶಾಯಿಯಲ್ಲಿ ಎಳೆದಂತೆ ಅಲೆಅಲೆಯಾದ ನೀಲಿ ಗೆರೆಗಳು. ಕಿವಿರಿನ ಮುಚ್ಚಳದ ತುದಿಯಲ್ಲಿ ಕಾಡಿಗೆಯ ಬೊಟ್ಟಿನಂಥ ಕಪ್ಪು ಮಚ್ಚೆ. ಅದರ ಅಂಚಿಗೆ ಕುಂಕುಮದ ಒಂದು ಅರೆಚಂದ್ರ. ಆ ಕೆಂಪು ಅರೆಚಂದ್ರವೇ ಈ ಜಾತಿಯ ಗುರುತು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮೀನು ಮೈ ಹೊರಳಿಸಿತೆಂದರೆ ಸೂರ್ಯನ ಹೆಸರು ಇದಕ್ಕೇಕೆ ಬಂತೆಂದು ಯಾರೂ ಕೇಳುವುದಿಲ್ಲ.

ಇಷ್ಟು ಚೆಲುವಿದ್ದರೂ ಹುಟ್ಟಿದೂರಿನಲ್ಲಿ ಇದಕ್ಕೆ ಮರ್ಯಾದೆ ಇಲ್ಲ. ಇಲ್ಲಿಯ ಮಕ್ಕಳು ಗಾಳ ಹಿಡಿಯಲು ಕಲಿತ ದಿನ ಮೊದಲು ಸಿಕ್ಕುವುದೇ ಸೂರ್ಯಮೀನು. ಹುರಿಯುವ ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವುದರಿಂದ ಇದಕ್ಕೂ ಇದರ ನೆಂಟರಿಗೂ ಬಾಣಲೆಮೀನು ಎಂಬ ಸಾಮಾನ್ಯ ನಾಮಧೇಯವೂ ಉಂಟು. ಸಾಕುಮೀನಿನ ಅಂಗಡಿಗೆ ಹೋದರೆ ಆಫ್ರಿಕದ ಮಲಾವಿ ಸರೋವರದ ಮೀನು ಸಿಕ್ಕುತ್ತದೆ, ಅಮೆಜಾನ್ ನದಿಯ ಮೀನು ಸಿಕ್ಕುತ್ತದೆ. ಊರ ಹೊರಗಿನ ಹೊಂಡದ ಮೀನು ಸಿಕ್ಕುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮೊಬ್ಬರದೇ ಸ್ವತ್ತಲ್ಲ.

ನಮಗೆ ಇದು ಬಂದದ್ದು ನನ್ನ ಸಹೋದ್ಯೋಗಿಯೊಬ್ಬರ ಹೊಲದ ಹೊಂಡದಿಂದ. ಒಂದು ಆಗಸ್ಟಿನ ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದಾಗ, ಹತ್ತು ವರ್ಷದ ನನ್ನ ಮಗ ಹೊಂಡದ ಅಂಚಿನಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದ. ತಿಳಿನೀರಿನಲ್ಲಿ ಹತ್ತಿಪ್ಪತ್ತು ಮೀನುಗಳು ದಡಕ್ಕೆ ಬಂದು ಅವನನ್ನೇ ನೋಡುತ್ತಿದ್ದವು. ಇದು ಸೂರ್ಯಮೀನಿನ ಸ್ವಭಾವ: ಹೆದರಿ ಓಡುವುದಕ್ಕಿಂತ ಬಂದವರು ಯಾರೆಂದು ವಿಚಾರಿಸಿಕೊಳ್ಳುವುದರಲ್ಲಿ ಅದಕ್ಕೆ ಹೆಚ್ಚಿನ ಆಸಕ್ತಿ. ಮನೆಗೆ ಬಂದ ಮೇಲೆ ಮಗ ಬೇರೆ ಮಾತೇ ಆಡಲಿಲ್ಲ. ನನಗೂ ಬಾಲ್ಯದ ಚಪಲ ಮರುಕಳಿಸಿತು. ನೀರಿನಿಂದ ಜೀವಂತ ಮೀನನ್ನು ಒಯ್ದು ಸಾಕುವುದಕ್ಕೆ ಇಲ್ಲಿ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಕಟ್ಟಳೆಗಳಿವೆ. ವಿಚಾರಿಸಿ ತಿಳಿದುಕೊಂಡು, ಹೊಂಡದ ಯಜಮಾನರ ಒಪ್ಪಿಗೆ ಪಡೆದು, ತೊಟ್ಟಿಯನ್ನು ಕೊಂಡು ತಂದೆವು.

ತೊಟ್ಟಿ ತಂದ ದಿನವೇ ಮೀನು ಬಿಡುವುದು ಹೊಸಬರೆಲ್ಲ ಮಾಡುವ ತಪ್ಪು. ನೀರು ನೋಡುವುದಕ್ಕೆ ಸ್ವಚ್ಛವಾಗಿದ್ದರೆ ಸಾಲದು, ಅದು ಪಕ್ವವಾಗಬೇಕು. ಮೀನಿನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯ ಹೊರಬರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟಾಗಿ ಮಾಡಿದಾಗ ವಿಷದ ತೀಕ್ಷ್ಣತೆ ಕಳೆಯುತ್ತದೆ. ಮಿಕ್ಕದ್ದನ್ನು ನೀರು ಬದಲಾಯಿಸಿ ತೆಗೆಯಬಹುದು. ಕಣ್ಣಿಗೆ ಕಾಣದ ಈ ಅಡಿಗೆಯವರು ಸೋಸುಯಂತ್ರದ ಸ್ಪಂಜಿನಲ್ಲೂ ಕಲ್ಲು ಮರಳಿನಲ್ಲೂ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದಕ್ಕೂ ಹೆಪ್ಪುಂಟು: ಮೀನು ಸಾಕುವ ಸ್ನೇಹಿತರ ಮನೆಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ತಂದು ಹಾಕಿದೆವು. ನಲ್ಲಿಯ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಗಳನ್ನೂ ಮೀನನ್ನೂ ಕೊಲ್ಲುವುದರಿಂದ ಅದಕ್ಕೆ ಪರಿಹಾರದ ದ್ರಾವಣ ಬೆರೆಸಬೇಕು. ನಮ್ಮ ಪುಣ್ಯಕ್ಕೆ ನೀರು ಕಾಯಿಸುವ ಹಂಗಿಲ್ಲ. ಇದು ಹೆಪ್ಪುಗಟ್ಟಿದ ಹೊಂಡದಡಿಯಲ್ಲಿ ಚಳಿಗಾಲ ಕಳೆಯಬಲ್ಲ ಮೀನು. ಆದರೆ ತೊಟ್ಟಿಗೆ ಭದ್ರವಾದ ಮುಚ್ಚಳ ಬೇಕೇ ಬೇಕು. ನೆಗೆಯುವುದರಲ್ಲಿ ನಿಸ್ಸೀಮ.

ಅಕ್ಟೋಬರಿನ ಮೊದಲ ವಾರದಲ್ಲಿ ಮಗ ಮುಳ್ಳಿಲ್ಲದ ಗಾಳದಿಂದ ಎರಡು ಮೀನು ಹಿಡಿದ. ಒಂದು ದೊಡ್ಡದು, ಒಂದು ಅದಕ್ಕಿಂತ ಒಂದಂಗುಲ ಚಿಕ್ಕದು. ಒಂದಕ್ಕೆ ಬೇಸರವಾಗಬಾರದೆಂದು ಎರಡು ತಂದದ್ದು; ಮನುಷ್ಯರ ಲೆಕ್ಕ.

ಊಟದ ಸಮಸ್ಯೆ ಮರುದಿನವೇ ಎದುರಾಯಿತು. ಅಂಗಡಿಯ ಒಣ ಗುಳಿಗೆಯನ್ನು ಅವು ಮೂಸಿಯೂ ನೋಡಲಿಲ್ಲ. ಹೊಂಡದಲ್ಲಿ ಅವುಗಳ ಊಟ ಹುಳು, ನೀರಿನ ಕೀಟ ಮತ್ತು ಬಸವನಹುಳು. ಕುಂಬಳದ ಬೀಜಕ್ಕೆ ಗಂಟಲಿನೊಳಗೆ ಬೀಸುವ ಕಲ್ಲಿನಂಥ ಹಲ್ಲುಗಳಿವೆ. ಬಸವನಹುಳುವನ್ನು ಚಿಪ್ಪುಸಮೇತ ಅರೆದು, ಚಿಪ್ಪಿನ ಚೂರನ್ನು ಉಗುಳುತ್ತದೆ. ಮೊಟ್ಟೆಯನ್ನೂ ತಾರದ ನಮ್ಮ ಮನೆಯಲ್ಲಿ ನಾನು ಎರೆಹುಳುವಿನ ಡಬ್ಬಿಯನ್ನು ತಂದು, ತಂಪುಪೆಟ್ಟಿಗೆಯ ಕೆಳಗಿನ ಅಂತಸ್ತಿನಲ್ಲಿ, ಮೊಸರಿನ ಪಾತ್ರೆಯಿಂದ ಆದಷ್ಟು ದೂರದಲ್ಲಿಟ್ಟೆ. ನನ್ನ ಹೆಂಡತಿ ಒಂದು ವಾರ ಆ ಬಾಗಿಲನ್ನು ತೆರೆಯಲಿಲ್ಲ. ಮೊಸರು ಬೇಕಾದವರು ತಾವೇ ತೆಗೆದುಕೊಳ್ಳುವುದೆಂದಾಯಿತು. ಬರುಬರುತ್ತ ಹುಳುವಿನೊಡನೆ ಗುಳಿಗೆ ಬೆರೆಸಿ, ಹುಳುವನ್ನು ಕಡಿಮೆ ಮಾಡುತ್ತ ಹೋಗಿ, ಎರಡು ತಿಂಗಳಲ್ಲಿ ಗುಳಿಗೆಯನ್ನು ರೂಢಿ ಮಾಡಿಸಿದೆ. ಹುಳು ವಾರಕ್ಕೆರಡು ದಿನದ ಹಬ್ಬದೂಟವಾಯಿತು.

ಇಷ್ಟೆಲ್ಲ ಎಚ್ಚರ ವಹಿಸಿದವನು ಮುಖ್ಯವಾದದ್ದನ್ನೇ ಮರೆತಿದ್ದೆ. ಸೂರ್ಯಮೀನು ಒಂದು ನೆಲಕ್ಕೆ ಒಡೆಯನಾಗಿ ಬಾಳುವ ಪ್ರಾಣಿ. ಹೊಂಡದಲ್ಲಿ ದೊಡ್ಡದು ಅಟ್ಟಿದರೆ ಚಿಕ್ಕದು ಓಡಿಹೋಗುತ್ತದೆ. ಹತ್ತು ಮಾರು ಆಚೆಗೆ ಹೋದರೆ ಜಗಳ ಮುಗಿಯಿತು. ನಾಲ್ಕು ಅಡಿಯ ಗಾಜಿನಲ್ಲಿ ಓಡಿಹೋಗುವುದೆಲ್ಲಿಗೆ? ಒಂದನ್ನೇ ಸಾಕಬೇಕು, ಇಲ್ಲವೇ ಬಹು ದೊಡ್ಡ ತೊಟ್ಟಿಯಲ್ಲಿ, ಹಗೆತನ ಒಬ್ಬರ ಮೇಲೆಯೇ ಬೀಳದಂತೆ, ಹಲವನ್ನು ಕೂಡಿಸಬೇಕು. ಎರಡು ಮಾತ್ರ ಬೇಡ. ಇದನ್ನು ಬಲ್ಲವರು ಹೇಳಿಯೇ ಇದ್ದರು. ನಮ್ಮ ಎರಡು ಬೇರೆ ಎಂದುಕೊಂಡೆ. ಜನವರಿಯ ಒಂದು ಬೆಳಗ್ಗೆ ಚಿಕ್ಕದು ಸೋಸುಯಂತ್ರದ ಹಿಂದಿನ ಸಂದಿನಲ್ಲಿ ರೆಕ್ಕೆಗಳು ಹರಿದು ಸತ್ತಿತ್ತು. ಒಂದು ವಾರದಿಂದ ಅದು ಅಲ್ಲಿ ಅವಿತುಕೊಂಡದ್ದನ್ನು ನೋಡಿದ್ದೆ. ಭಾನುವಾರ ಏನಾದರೂ ಮಾಡೋಣವೆಂದು ಮುಂದಕ್ಕೆ ಹಾಕಿದ್ದೆ. ಭಾನುವಾರಕ್ಕೆ ಎರಡು ದಿನ ಬಾಕಿಯಿತ್ತು. ಹೊರಗೆ ನೆಲ ಕಲ್ಲಾಗಿ ಹೆಪ್ಪುಗಟ್ಟಿದ್ದರಿಂದ ಹೂಳುವುದಕ್ಕೂ ಆಗಲಿಲ್ಲ. ಮಗ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ತಾಯಿಯವರು ಬಂದದ್ದು ಏಪ್ರಿಲ್ ಕೊನೆಯಲ್ಲಿ. ಬಂದ ಮರುದಿನ ಸ್ನಾನ, ದೇವರ ದೀಪ ಮುಗಿಸಿ ನಡುಕೋಣೆಗೆ ಬಂದು ತೊಟ್ಟಿಯ ಮುಂದೆ ನಿಂತರು. ಮೀನು ಮೂಲೆಯಿಂದ ನೇರವಾಗಿ ಬಂದು ಗಾಜಿಗೆ ಮೂತಿಯೊತ್ತಿ ಅವರ ಮುಖವನ್ನು ನೋಡಿತು. "ಎಂಥದು, ಪರಿಚಯ ಇದ್ದವರ ಹಾಗೆ ನೋಡ್ತದಲ್ಲ!" ಎಂದರು. ಅಂದಿನಿಂದ ಸ್ನೇಹ.

ಅವರ ಕಣ್ಣಿನಲ್ಲಿ ಮೀನೆಂದರೆ ಶೃಂಗೇರಿಯ ತುಂಗೆಯ ಮೀನು. ನಾವು ಚಿಕ್ಕವರಿದ್ದಾಗ ವರ್ಷಕ್ಕೆರಡು ಬಾರಿಯಾದರೂ ಅಲ್ಲಿಗೆ ಹೋಗುತ್ತಿದ್ದೆವು. ಗುಡಿಯ ಬಳಿಯ ಸೋಪಾನದಲ್ಲಿ ಕುಳಿತು ಮಂಡಕ್ಕಿ ಚೆಲ್ಲಿದರೆ ಮೊಳದುದ್ದದ ಕಪ್ಪು ಬೆನ್ನುಗಳು ಒಂದರ ಮೇಲೊಂದು ಉರುಳಿ ಬರುತ್ತಿದ್ದವು. ಅವು ದೇವರ ಮೀನು. ಅಲ್ಲಿ ಅವನ್ನು ಹಿಡಿಯುವವರಿಲ್ಲ, ಅವಕ್ಕೆ ಗೋಡೆಯೂ ಇಲ್ಲ. ಬೇಡವೆನಿಸಿದರೆ ಹೊಳೆಯುದ್ದಕ್ಕೂ ಹೋಗಬಹುದು; ಆದರೂ ಬರುತ್ತವೆ. ಅದೇ ಅಭ್ಯಾಸದಿಂದ ಒಂದು ದಿನ ತಾಯಿಯವರು ನನಗೆ ತಿಳಿಯದಂತೆ ನಾಲ್ಕು ಕಾಳು ಮಂಡಕ್ಕಿ ಹಾಕಿದರಂತೆ. ಮೀನು ಒಂದನ್ನು ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಮರ್ಯಾದೆಯಿಂದ ಹೊರಗೆ ಬಿಟ್ಟಿತಂತೆ. ಎರೆಹುಳುವಿನ ಸಂಗತಿ ಗೊತ್ತಾದಾಗ ಅವರ ಮುಖ ಸಣ್ಣದಾಯಿತು. "ಒಂದು ಜೀವವನ್ನು ಸಾಕುವುದಕ್ಕೆ ಇನ್ನೊಂದು ಜೀವ. ಹೊಂಡದಲ್ಲಿದ್ದರೆ ಅದರ ಪಾಪ ಪುಣ್ಯ ಅದಕ್ಕೆ. ಇಲ್ಲಿ ನಿನ್ನ ಲೆಕ್ಕಕ್ಕೆ ಬರ್ತದೆ" ಎಂದರು. ಆದರೆ ಗುಳಿಗೆ ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ಅವರ ಸೀರೆಯ ಸೆರಗು ಬಾಗಿಲಲ್ಲಿ ಕಂಡರೆ ಸಾಕು, ಮೀನು ನೀರಿನ ಮೇಲಕ್ಕೆ ಬಂದು ಕಾಯುತ್ತಿತ್ತು. ನನಗೆ ಅಷ್ಟು ಗೌರವ ಎಂದೂ ದೊರೆತದ್ದಿಲ್ಲ.

ಜೂನ್ ತಿಂಗಳಲ್ಲಿ ಮೀನಿನ ನಡತೆ ಬದಲಾಯಿತು. ಹಗಲು ದೀರ್ಘವಾಗಿ, ಕೋಣೆಯ ನೀರು ಬೆಚ್ಚಗಾಗಿತ್ತು. ಒಂದು ಬೆಳಗ್ಗೆ ನೋಡುವಾಗ ತೊಟ್ಟಿಯ ಎಡಮೂಲೆಯಲ್ಲಿ ಹಾಸಿದ್ದ ಸಣ್ಣ ಕಲ್ಲೆಲ್ಲ ಸರಿದು, ತಳದ ಗಾಜು ಕಾಣುವಂತೆ ಊಟದ ತಟ್ಟೆಯಗಲದ ಒಂದು ಗುಂಡಿಯಾಗಿತ್ತು. ಮೀನು ತಲೆ ಮೇಲೆತ್ತಿ, ಬಾಲದಿಂದ ಬಡಿಬಡಿದು ಮಿಕ್ಕ ಕಲ್ಲುಗಳನ್ನೂ ಹೊರಕ್ಕೆ ತೂರುತ್ತಿತ್ತು. ಮೈಯ ಬಣ್ಣ ದೀಪ ಹಚ್ಚಿದಂತೆ ಉಜ್ವಲವಾಗಿತ್ತು. ಅದು ಗಂಡೆಂದು ನಮಗೆ ನಿಶ್ಚಯವಾದದ್ದು ಅಂದು.

ಸೂರ್ಯಮೀನಿನ ಸಂಸಾರಧರ್ಮ ವಿಚಿತ್ರವಾದದ್ದು. ಬೇಸಗೆಯ ಮೊದಲಲ್ಲಿ ಗಂಡುಗಳು ದಡದ ಹತ್ತಿರ ಆಳವಿಲ್ಲದ ನೀರಿಗೆ ಬಂದು, ಬಾಲವನ್ನೇ ಪೊರಕೆ ಮಾಡಿಕೊಂಡು, ತಮ್ಮ ಮೈಯ ಎರಡರಷ್ಟು ಅಗಲದ ಗುಂಡಿಯನ್ನು ಗುಡಿಸಿ ಸಿದ್ಧಪಡಿಸುತ್ತವೆ. ಹೆಣ್ಣು ಬರುತ್ತದೆ, ಮೊಟ್ಟೆಯಿಡುತ್ತದೆ, ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಬಾಣಂತನವೆಲ್ಲ ತಂದೆಯದು. ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುವಂತೆ ನೀರು ಬೀಸುತ್ತದೆ; ಹತ್ತಿರ ಬಂದವನು ತನಗಿಂತ ಎಷ್ಟು ದೊಡ್ಡವನಾದರೂ ಎರಗುತ್ತದೆ. ಬೆಚ್ಚಗಿನ ನೀರಿನಲ್ಲಿ ಮೂರು ದಿನಗಳಲ್ಲಿ ಮೊಟ್ಟೆಯೊಡೆದರೂ ಮರಿಗಳು ಈಜಿ ಚದುರುವ ತನಕ ಅದು ಕಾವಲು ಬಿಡದು. ಇದನ್ನು ಕೇಳಿ ತಾಯಿಯವರು, "ತಾಯಿ ಬಿಟ್ಟು ಹೋಗ್ತದಾ? ಅಪ್ಪ ನೋಡಿಕೊಳ್ತದಾ?" ಎಂದು ಮೂರು ಬಾರಿ ಕೇಳಿ ಖಚಿತಪಡಿಸಿಕೊಂಡರು. ನನ್ನ ಹೆಂಡತಿ ನನ್ನ ಕಡೆ ಒಮ್ಮೆ ನೋಡಿ ಅಡಿಗೆಮನೆಗೆ ಹೋದಳು.

ಆದರೆ ನಮ್ಮ ತೊಟ್ಟಿಗೆ ಬರತಕ್ಕ ಹೆಣ್ಣು ಯಾವುದು? ಮೀನು ಅದನ್ನರಿಯದು. ಗುಂಡಿಯ ಮೇಲೆ ನಿಂತು ಕಾಯಿತು. ಒಂದೊಂದು ಕಲ್ಲು ಉರುಳಿ ಒಳಗೆ ಬಿದ್ದರೆ ಬಾಯಲ್ಲಿ ಕಚ್ಚಿ ಹೊರಗೆ ಹಾಕಿತು. ನೀರು ಬದಲಾಯಿಸಲು ಕೈಯಿಟ್ಟರೆ ನನ್ನ ಬೆರಳನ್ನು ಕಚ್ಚಿತು. ಮೂರು ವಾರ ಹೀಗೆಯೇ. ತಾಯಿಯವರು ಮಧ್ಯಾಹ್ನದ ಹೊತ್ತು ಕುರ್ಚಿ ಹಾಕಿಕೊಂಡು ಅದರೆದುರು ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ಒಂದು ದಿನ, ನನ್ನನ್ನು ನೋಡದೆ, ಬತ್ತಿಯ ಕಡೆಗೇ ನೋಡುತ್ತ ಹೇಳಿದರು: "ಪಾಪ, ಮನೆ ಗುಡಿಸಿ ಕಾಯ್ತಾ ಉಂಟು. ಬರುವವರು ಯಾರೂ ಇಲ್ಲ."

ಕೊಪ್ಪದ ಹತ್ತಿರದ ನಮ್ಮ ಮನೆಗೆ ಎಂಟು ಕೋಣೆ. ತಂದೆಯವರು ಹೋದ ಮೇಲೆ ತಾಯಿಯವರು ಅಲ್ಲಿ ಒಬ್ಬರೇ. ಎಂಟು ಕೋಣೆಯನ್ನೂ ದಿನವೂ ಗುಡಿಸಿಡುತ್ತಾರೆ. ನಾನು ಏನನ್ನೂ ಹೇಳಲಿಲ್ಲ, ಅವರೂ ಮುಂದುವರಿಸಲಿಲ್ಲ.

ಮರುದಿನ ಬೆಳಗ್ಗೆ ಆ ಪ್ರಶ್ನೆ ಮೊದಲ ಬಾರಿಗೆ ಬಂತು. "ಇದನ್ನು ಯಾವಾಗ ಬಿಡ್ತೀಯೋ? ತಂದ ಹೊಂಡದಲ್ಲೇ ಬಿಟ್ಟುಬಿಡು. ನಾನು ಊರಿಗೆ ಹೋಗುವ ಮೊದಲು ಬಿಟ್ಟರೆ ನನಗೂ ಒಂದು ಪುಣ್ಯ."

"ಬಿಡುವ ಹಾಗಿಲ್ಲ ಅಮ್ಮ" ಎಂದೆ.

"ಯಾಕೆ? ಅದು ಅಲ್ಲಿಯದೇ ಅಲ್ಲವಾ?"

ನ್ಯಾಯವಾದ ಪ್ರಶ್ನೆ. ನನಗೆ ತಿಳಿದದ್ದನ್ನು ವಿವರಿಸಿದೆ. ಮೀನು ಅಲ್ಲಿಯದು ಹೌದು. ಅದರ ಮೈಗೆ ಈಗ ತಾಗಿರುವ ನೀರು ಅಲ್ಲಿಯದಲ್ಲ. ಈ ತೊಟ್ಟಿಗೆ ನಾನು ಅಂಗಡಿಯ ಜಲಸಸ್ಯ ಹಾಕಿದ್ದೇನೆ, ಅಂಗಡಿಯ ಬಸವನಹುಳು ಹಾಕಿದ್ದೇನೆ, ಸ್ನೇಹಿತರ ಮನೆಯ ಸ್ಪಂಜು ಹಾಕಿದ್ದೇನೆ. ಅಂಗಡಿಗೆ ಅವು ಯಾವ ಯಾವ ದೇಶದ ನೀರಿನಿಂದ ಬಂದವೋ. ಅವುಗಳ ರೋಗಾಣು ನಮ್ಮ ಮೀನಿಗೆ ತಾಗಿದ್ದರೂ ಅದು ಆರೋಗ್ಯವಾಗಿಯೇ ಕಾಣಬಹುದು. ಹೊಂಡದ ಕೋಡಿಯ ನೀರು ಹಳ್ಳಕ್ಕೆ, ಹಳ್ಳ ಹ್ಯೂರಾನ್ ನದಿಗೆ, ನದಿ ಈರೀ ಮಹಾಸರೋವರಕ್ಕೆ ಸೇರುತ್ತದೆ. ೨೦೦೫ರಿಂದೀಚೆಗೆ ಈ ಮಹಾಸರೋವರಗಳಲ್ಲಿ ಕಾಣಿಸಿಕೊಂಡ ಒಂದು ವೈರಸ್ ರೋಗ ಮೀನಿನೊಳಗೆ ರಕ್ತಸ್ರಾವ ಮಾಡಿಸಿ ರಾಶಿರಾಶಿಯಾಗಿ ಕೊಂದಿತು. ಜೀವಂತ ಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವುದರ ಮೇಲೆ ಕಟ್ಟುನಿಟ್ಟು ಹೆಚ್ಚಿದ್ದು ಅದರಿಂದ. ಸಾಕಿದ ಮೀನನ್ನು ಹೊರಗಿನ ನೀರಿಗೆ ಬಿಡಕೂಡದೆಂಬುದು ಬಲ್ಲವರೆಲ್ಲರ ಒಮ್ಮತ.

ತಾಯಿಯವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. "ಒಂದು ಮೀನಿನಿಂದ ಏನಾದೀತು?" ಎಂದರು. ಆಗ ಜಪಾನಿನ ಕಥೆ ಹೇಳಿದೆ.

ಜಪಾನಿನ ಯುವರಾಜ ಅಕಿಹಿತೊ ೧೯೬೦ರಲ್ಲಿ ಅಮೆರಿಕಕ್ಕೆ ಬಂದಿದ್ದರು. ಮೀನುಗಳ ಶಾಸ್ತ್ರದಲ್ಲಿ ಅವರು ಸ್ವತಃ ಪಂಡಿತರು. ಷಿಕಾಗೋ ನಗರದ ಮೇಯರು ಅವರಿಗೆ ಪ್ರೀತಿಯಿಂದ ಉಡುಗೊರೆಯಾಗಿತ್ತದ್ದು ಬ್ಲೂಗಿಲ್ ಸೂರ್ಯಮೀನುಗಳನ್ನು. ಯುವರಾಜರು ಅವನ್ನು ಕೊಂಡೊಯ್ದು ತಮ್ಮ ದೇಶದ ಮೀನುಗಾರಿಕೆಯ ಸಂಶೋಧನಾಲಯಕ್ಕೆ ಕೊಟ್ಟರು. ಜನರಿಗೆ ಆಹಾರವಾದೀತೆಂಬುದು ಸದುದ್ದೇಶ. ಸಂತತಿ ಬೆಳೆಯಿತು, ಹೊರಗಿನ ನೀರು ಸೇರಿತು, ಕಡೆಗೆ ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾದಲ್ಲಿ ನೆಲೆಸಿ ಅಲ್ಲಿಯ ಮೂಲ ಮೀನುಗಳ ಮೊಟ್ಟೆ ಮರಿಗಳನ್ನು ತಿಂದು ಹಾಳುಗೆಡವಿತು. ಚಕ್ರವರ್ತಿಯಾಗಿದ್ದ ಅಕಿಹಿತೊ ೨೦೦೭ರಲ್ಲಿ ಆ ಸರೋವರದ ಸೀಮೆಯಲ್ಲಿಯೇ ನಡೆದ ಸಭೆಯೊಂದರಲ್ಲಿ, ಆ ಮೀನನ್ನು ತಂದವನು ತಾನೇ, ಹೀಗಾದದ್ದಕ್ಕೆ ತನಗೆ ವ್ಯಥೆಯಾಗಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ನಲವತ್ತೇಳು ವರ್ಷಗಳ ಮೇಲೆ ಒಬ್ಬ ಚಕ್ರವರ್ತಿ ಮೀನಿಗಾಗಿ ತಲೆತಗ್ಗಿಸಿದರು.

ನಮ್ಮ ಕುಂಬಳದ ಬೀಜದ ಚರಿತ್ರೆಯೂ ಬೇರೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಚೆಲುವಿಗೆ ಮರುಳಾಗಿ ಯೂರೋಪಿನವರು ಕೊಳಗಳಿಗೂ ಗಾಜಿನ ತೊಟ್ಟಿಗಳಿಗೂ ತರಿಸಿಕೊಂಡರು. ತಪ್ಪಿಸಿಕೊಂಡದ್ದು, ಬೇಸರವಾಗಿ ಬಿಟ್ಟದ್ದು ಸೇರಿ ಅಲ್ಲಿಯ ಅನೇಕ ನದಿ ಕೆರೆಗಳಲ್ಲಿ ಈಗ ಅದರ ಸಂಸಾರ. ೨೦೧೯ರಲ್ಲಿ ಯೂರೋಪಿಯನ್ ಒಕ್ಕೂಟ ಅದನ್ನು ಉಪದ್ರವಕಾರಿ ಪರಜೀವಿಗಳ ಪಟ್ಟಿಗೆ ಸೇರಿಸಿ, ತರುವುದನ್ನೂ ಮಾರುವುದನ್ನೂ ಸಾಕುವುದನ್ನೂ ನಿಷೇಧಿಸಿತು. ಆ ಕಾನೂನಿನಲ್ಲಿ ನನಗೆ ಮೆಚ್ಚಿಕೆಯಾದ ಒಂದು ದಯೆಯ ಮಾತುಂಟು: ಅದಕ್ಕೆ ಮೊದಲೇ ಮನೆಯಲ್ಲಿ ಸಾಕಿಕೊಂಡಿದ್ದವರು, ತಪ್ಪಿಸಿಕೊಳ್ಳದಂತೆ, ಮರಿ ಮಾಡದಂತೆ ನೋಡಿಕೊಂಡು, ಆ ಪ್ರಾಣಿಯ ಸಹಜವಾದ ಆಯುಸ್ಸು ತೀರುವವರೆಗೆ ಇಟ್ಟುಕೊಳ್ಳಬಹುದು. ಕೊಲ್ಲಬೇಡಿ, ಬಿಡಲೂ ಬೇಡಿ, ಕಡೆಯವರೆಗೆ ಇಟ್ಟುಕೊಳ್ಳಿ.

ನಮ್ಮ ದೇಶವೂ ಇಂಥದನ್ನು ಕಂಡಿದೆ. ಸೊಳ್ಳೆ ತಿನ್ನುವುದೆಂದು ೧೯೨೮ರಲ್ಲಿ ತಂದ ಗಾಂಬೂಸಿಯ, ಬೇಗ ಬೆಳೆಯುವುದೆಂದು ೧೯೫೨ರಲ್ಲಿ ತಂದ ತಿಲಾಪಿಯ ಈಗ ಎಲ್ಲೆಲ್ಲಿಯೂ ಇವೆ. ಜಿಲೇಬಿ ಎಂಬ ಮುದ್ದಾದ ಹೆಸರಿನಿಂದ ಸಂತೆಗೆ ಬರುವ ತಿಲಾಪಿಯ ನಮ್ಮ ಎಷ್ಟೋ ಕೆರೆಗಳಲ್ಲಿ ಬೇರೆ ಮೀನಿಗೆ ಎಡೆಯಿಲ್ಲದಂತೆ ಮಾಡಿದೆ. ಆದುದರಿಂದ ಈ ಲೇಖನವನ್ನು ಓದಿ ನಾಡಿನಲ್ಲಿರುವವರು ಯಾರೂ ಸೂರ್ಯಮೀನನ್ನು ತರಿಸುವ ಯೋಚನೆ ಮಾಡಬಾರದೆಂದು ನನ್ನ ಬಿನ್ನಹ. ಹಾಗೆಂದು ನಮ್ಮ ಹೊಳೆಗಳನ್ನು ದೋಚುವುದೂ ಸಲ್ಲ. ಕೇರಳದ ಮತ್ತು ನಮ್ಮ ದಕ್ಷಿಣದ ಹೊಳೆಗಳಲ್ಲಿ ಮಾತ್ರ ಇರುವ, ಕೆಂಪು ಗೆರೆಯ ಡೆನಿಸನ್ ಮೀನು ಅಳಿವಿನಂಚಿಗೆ ಬಂದದ್ದಕ್ಕೆ ಗಾಜಿನ ತೊಟ್ಟಿಯ ವ್ಯಾಪಾರವೂ ಒಂದು ಕಾರಣ.

ಇಷ್ಟನ್ನೂ ತಾಯಿಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. ನನ್ನ ವಾದ ಗೆದ್ದಿತೆಂದು ನಾನು ಎಣಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಹಾಗಾದ್ರೆ ತರಲೇಬಾರದಿತ್ತು."

ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಓದಿದ, ಕೇಳಿದ ವಿಷಯಗಳೆಲ್ಲ ಬಿಡಬಾರದೇಕೆಂಬುದಕ್ಕೆ ಉತ್ತರ ಕೊಟ್ಟಿದ್ದವು. ತಂದದ್ದೇಕೆಂಬುದಕ್ಕೆ ಒಂದೂ ಉತ್ತರ ಕೊಡಲಿಲ್ಲ. ಮಗನ ಆಸೆ ಎನ್ನಬಹುದು, ನನ್ನ ಚಪಲ ಎನ್ನಬಹುದು. ಹೊಂಡದ ಹತ್ತಿಪ್ಪತ್ತು ಮೀನಿನಲ್ಲಿ ಎರಡು ಹೋದರೆ ಹೊಂಡಕ್ಕೆ ನಷ್ಟವಿಲ್ಲವೆನ್ನಬಹುದು, ಅದೂ ನಿಜವೇ. ಆದರೆ ನೀರಿನಿಂದ ಎತ್ತಿದ ಆ ಕ್ಷಣದಲ್ಲಿ, ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಹಕ್ಕನ್ನು ನಾನು ಕಳೆದುಕೊಂಡೆನೆಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಒಂದು ಸತ್ತಿತ್ತು, ಇನ್ನೊಂದು ಖಾಲಿ ಗೂಡಿಗೆ ಕಾವಲು ನಿಂತಿತ್ತು. "ಆ ಇನ್ನೊಂದು ಎಲ್ಲಿ ಹೋಯಿತು?" ಎಂದು ತಾಯಿಯವರು ಆಗ ಕೇಳಿದರು, ಮೊಮ್ಮಗ ಎಂದೋ ಹೇಳಿಬಿಟ್ಟಿದ್ದ. ಜನವರಿಯಲ್ಲಿ ಮಗನಿಗೆ ಹೇಳಬೇಕಾಗಿದ್ದುದನ್ನು ಜೂನಿನಲ್ಲಿ ತಾಯಿಗೆ ಹೇಳಿದೆ.

ಸೆಪ್ಟೆಂಬರಿನಲ್ಲಿ ಅವರನ್ನು ಡಿಟ್ರಾಯ್ಟ್ ನಗರದ ಬೆಲ್ ಐಲ್ ಮತ್ಸ್ಯಾಲಯಕ್ಕೆ ಕರೆದೊಯ್ದೆವು. ನದಿಯ ನಡುಗಡ್ಡೆಯಲ್ಲಿ ೧೯೦೪ರಲ್ಲಿ ತೆರೆದ ಹಳೆಯ ಕಟ್ಟಡ. ಒಳಗೆ ಹಸಿರು ಗಾಜಿನ ಬಿಲ್ಲೆಗಳ ಕಮಾನು ಮಾಳಿಗೆ, ನೀರಿನಡಿಯಲ್ಲಿ ನಡೆದಂತೆ ಭಾಸ. ನಗರಕ್ಕೆ ಹಣದ ಮುಗ್ಗಟ್ಟು ಬಂದು ೨೦೦೫ರಲ್ಲಿ ಮುಚ್ಚಿತ್ತು. ಊರಿನ ಉತ್ಸಾಹಿಗಳ ಶ್ರಮದಿಂದ ೨೦೧೨ರಲ್ಲಿ ಮತ್ತೆ ತೆರೆಯಿತು. ಮುಚ್ಚಿದಾಗ ಮೀನುಗಳು ಏನಾದವೆಂದು ತಾಯಿಯವರು ಕೇಳಿದರು. ಬೇರೆ ಸಂಸ್ಥೆಗಳಿಗೆ ಕಳುಹಿಸಿದರೆಂದೆ. "ಪಕ್ಕದಲ್ಲೇ ಹೊಳೆ ಉಂಟು, ಆದರೂ ಬಿಡಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮೇಲೆ ಪ್ರಶ್ನೆ ಬರಲಿಲ್ಲ.

ಅಕ್ಟೋಬರಿನಲ್ಲಿ ಹೊರಡುವ ಹಿಂದಿನ ರಾತ್ರಿ, ಇನ್ನು ಇಲ್ಲಿಯೇ ಇದ್ದುಬಿಡೆಂದು ನಾನು ಮತ್ತೊಮ್ಮೆ ಕೇಳಿದೆ. ಚಳಿ, ಒಂಟಿತನ, ವಯಸ್ಸು, ವೈದ್ಯರು ಎಂದು ನನ್ನ ಎಂದಿನ ವಾದಗಳನ್ನೆಲ್ಲ ಹೂಡಿದೆ. ತಾಯಿಯವರು ತೊಟ್ಟಿಯ ಕಡೆ ಕೈ ತೋರಿಸಿ ನಕ್ಕರು. "ಒಬ್ಬರಿದ್ದಾರಲ್ಲ ಮಾರಾಯ ನಿನ್ನ ಮನೆಯಲ್ಲಿ, ಸಾಕು." ಆಮೇಲೆ ಗಂಭೀರವಾಗಿ, "ಇನ್ನೊಂದನ್ನು ತರಬೇಡ. ಇದನ್ನು ಮಾತ್ರ ಕೊನೆಯ ತನಕ ಸರಿಯಾಗಿ ನೋಡಿಕೋ" ಎಂದರು.

ಸಾಕಿದ ಕುಂಬಳದ ಬೀಜ ಹತ್ತು ವರ್ಷ ಬಾಳುವುದುಂಟು. ನಮ್ಮದಕ್ಕೆ ಈಗ ನಾಲ್ಕಿರಬಹುದೆಂದು ನನ್ನ ಅಂದಾಜು. ಮಗ ಕಾಲೇಜಿಗೆ ಹೋದ ಮೇಲೆಯೂ ಅದಿರುತ್ತದೆ. ಊರು ಬದಲಾಯಿಸುವ ಉದ್ಯೋಗ ಬಂದರೆ ಮೊದಲು ಅದರ ವಿಚಾರ ಮಾಡಬೇಕು. ಎರಡು ವಾರ ಊರಿಗೆ ಬರುವುದಾದರೂ ನೆರೆಯವರ ಕೈಗೆ ಗುಳಿಗೆಯ ಡಬ್ಬಿ ಕೊಟ್ಟು ಹತ್ತು ಸಲ ಹೇಳಬೇಕು. ಮೀನು ಸಾಕುವುದಕ್ಕೆ ಏನು ಬೇಕೆಂದು ಯಾರಾದರೂ ಕೇಳಿದರೆ ನಾನು ಈಗ ತೊಟ್ಟಿಯ ಅಳತೆಯಿಂದ ಆರಂಭಿಸುವುದಿಲ್ಲ. ಹತ್ತು ವರ್ಷ ಇದ್ದಲ್ಲಿಯೇ ಇರುತ್ತೀರಾ ಎಂದು ಕೇಳುತ್ತೇನೆ.

ಭಾನುವಾರಗಳಲ್ಲಿ ತಾಯಿಯವರೊಡನೆ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತೇವೆ. ಮೊಮ್ಮಗನನ್ನು ನೋಡುತ್ತಾರೆ, ಸೊಸೆಯನ್ನು ನೋಡುತ್ತಾರೆ, ಆಮೇಲೆ "ಅದನ್ನು ತೋರಿಸು" ಎನ್ನುತ್ತಾರೆ. ಫೋನನ್ನು ಗಾಜಿನ ಹತ್ತಿರ ಹಿಡಿಯುತ್ತೇನೆ. ಮೀನು ಬರುತ್ತದೆ. ಅವರನ್ನು ಗುರುತಿಸಿ ಬರುತ್ತದೆಂದು ಅವರ ನಂಬಿಕೆ. ಗುಳಿಗೆಯ ಆಸೆಯಿಂದ ಬರುತ್ತದೆಂದು ನನ್ನ ತಿಳಿವಳಿಕೆ. ಎರಡರಲ್ಲಿ ಯಾವುದು ಸರಿಯೆಂದು ನಾನು ವಾದಿಸುವುದಿಲ್ಲ.

ಇಂದೂ ಭಾನುವಾರ. ತೊಟ್ಟಿಯ ಕಾಲುಭಾಗ ನೀರನ್ನು ಬದಲಾಯಿಸುವ ದಿನ. ಮುಂದಿನ ಭಾನುವಾರಕ್ಕೆ ಹಾಕುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಬಕೆಟ್ ತುಂಬಿಸಿಟ್ಟು ಮಗ ಕೂಗುತ್ತಿದ್ದಾನೆ, ಇಲ್ಲಿಗೆ ನಿಲ್ಲಿಸುತ್ತೇನೆ.